ಅಭಯಾರಣ್ಯದೊಳಗೆ ಮಾರಾಟದ ಹಕ್ಕು: ಬಿಳಿಗಿರಿರಂಗನ ಬೆಟ್ಟದ ಕಿರು ಅರಣ್ಯ ಉತ್ಪನ್ನಗಳನ್ನು ಕುರಿತು

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳು ನೆಲ್ಲಿಕಾಯಿ, ಜೇನು, ಪಾಚಿ, ಸೀಗೆಕಾಯಿಗಳನ್ನು ಸಂಗ್ರಹಿಸಿ ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸಂಘಗಳ ಮೂಲಕ ಮಾರುತ್ತ ಬಂದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯನ್ನು ಮುಂದಿಟ್ಟು ಈ ಮಾರಾಟವನ್ನು ನಿಷೇಧಿಸಲಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ 25 ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರ ದೊರೆಯಿತು. ಅದೇ ವರ್ಷದ ಜನವರಿಯಲ್ಲಿ, ಮೊದಲೇ ಅಭಯಾರಣ್ಯವಾಗಿದ್ದ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಗಿತ್ತು. ಅಭಯಾರಣ್ಯದೊಳಗೂ ಅರಣ್ಯ ಹಕ್ಕು ಉಂಟೆಂಬುದರಲ್ಲಿ ಚರ್ಚೆಗೆ ಹೆಚ್ಚು ಎಡೆಯಿಲ್ಲ. ಅರಣ್ಯ ಹಕ್ಕು ಕಾಯ್ದೆಯ 2(ಡಿ) ಪ್ರಕರಣವೇ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳನ್ನು ಹೆಸರಿಸಿ ಸೇರಿಸಿಕೊಂಡಿದೆ. ತಕರಾರಿರುವುದು ಮಾರಾಟದ ಬಗ್ಗೆ.

ಮಾರಾಟ ಸಲ್ಲದು ಎನ್ನುವವರು ಎರಡು ಆಧಾರ ಕೊಡುತ್ತಾರೆ. ವನ್ಯಜೀವಿ ಕಾಯ್ದೆಯ 29ನೇ ಪ್ರಕರಣದ ಪರಂತುಕವು ಅರಣ್ಯ ಉತ್ಪನ್ನವನ್ನು ಅಭಯಾರಣ್ಯದ ಒಳಗೂ ಸುತ್ತಲೂ ಇರುವ ಜನರ ಸ್ವಂತ ಅಗತ್ಯಕ್ಕೆ ಮಾತ್ರ ಬಿಟ್ಟು, ವಾಣಿಜ್ಯ ಬಳಕೆಯನ್ನು ತಡೆಯುತ್ತದೆ. ಅರಣ್ಯ ಹಕ್ಕು ಕಾಯ್ದೆಯ 13ನೇ ಪ್ರಕರಣವು ತಾನು ಇತರ ಕಾನೂನುಗಳಿಗೆ ಪೂರಕವೇ ಹೊರತು ಅವುಗಳನ್ನು ಕುಂದಿಸುವುದಿಲ್ಲ ಎನ್ನುತ್ತದೆ. ಈ ವಾದ ಹಗುರವಾದದ್ದಲ್ಲ. ಆದರೆ 13ನೇ ಪ್ರಕರಣ ಆರಂಭವಾಗುವುದೇ 'ಈ ಕಾಯ್ದೆಯಲ್ಲಿ ಬೇರೆ ರೀತಿ ಹೇಳಿರುವುದನ್ನುಳಿದು' ಎಂಬ ಅರ್ಥದ ಮಾತಿನಿಂದ. ಬೇರೆ ರೀತಿ ಹೇಳಿರುವುದು 4(1)ರಲ್ಲಿ: ಜಾರಿಯಲ್ಲಿರುವ ಬೇರಾವ ಕಾನೂನಿನಲ್ಲಿ ಏನೇ ಇದ್ದರೂ ಹಕ್ಕುಗಳು ಮಾನ್ಯ. ಆ ಹಕ್ಕುಗಳಲ್ಲಿ 3(1)(ಸಿ) ಒಂದು. ಕಿರು ಉತ್ಪನ್ನಗಳ ಒಡೆತನ, ಸಂಗ್ರಹ, ಬಳಕೆಯ ಜೊತೆಗೆ ವಿಲೇವಾರಿಯನ್ನೂ ಅದು ಸ್ಪಷ್ಟವಾಗಿ ಕೊಡುತ್ತದೆ; ಮಾರಾಟವೂ ವಿಲೇವಾರಿಯೇ. ನನಗೆ ಇದಕ್ಕಿಂತ ಬಲವಾಗಿ ಕಾಣುವುದು 3(1)(ಎಲ್). ಸಾಂಪ್ರದಾಯಿಕ ಹಕ್ಕುಗಳನ್ನು ಮನ್ನಿಸುವಾಗ ಸಂಸತ್ತು ಬೇಟೆಯನ್ನು ಹೆಸರಿಟ್ಟು ಹೊರಗಿಟ್ಟಿತು. ವನ್ಯಜೀವಿ ಸಂರಕ್ಷಣೆಯನ್ನು ಅದು ಮರೆತಿರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಅಭಯಾರಣ್ಯದಲ್ಲಿ ಮಾರಾಟವೂ ಕೂಡದೆಂದಿದ್ದರೆ ಅದನ್ನೂ ಅಲ್ಲೇ ಹೇಳಬಹುದಿತ್ತು, ಹೇಳಲಿಲ್ಲ.

29ನೇ ಪ್ರಕರಣದ ಪರಂತುಕವು ಪರವಾನಗಿ ಪಡೆದು ಹೊರಸಾಗಿಸಿದ ಉತ್ಪನ್ನಕ್ಕೆ ಅನ್ವಯಿಸುತ್ತದೆಯೇ ಹೊರತು, ಶಾಸನವೇ ಮಾನ್ಯ ಮಾಡಿದ ಹಕ್ಕಿಗಲ್ಲ ಎಂಬುದು ನನ್ನ ನಿಲುವು. ಇದನ್ನು ಕೆಲವು ಮಿತಿಗಳೊಡನೆ ಮಂಡಿಸುತ್ತಿದ್ದೇನೆ. ಇದು ಪಠ್ಯದ ಓದು ಮಾತ್ರ, ನ್ಯಾಯಾಲಯದ ತೀರ್ಪಲ್ಲ. ಹಕ್ಕು ಇನ್ನೂ ಮಾನ್ಯವಾಗದ ಪೋಡುಗಳಿಗೆ (ಸೋಲಿಗರ ಹಾಡಿಗಳಿಗೆ) ಇದು ನೇರವಾಗಿ ಅನ್ವಯಿಸದು. 4(2)ರ ಪ್ರಕಾರ ನಿರ್ಣಾಯಕ ವನ್ಯಜೀವಿ ಆವಾಸಗಳಲ್ಲಿ, ಅಲ್ಲಿ ವಿಧಿಸಿರುವ ಷರತ್ತುಗಳೆಲ್ಲ ಪೂರೈಸಿದ ಮೇಲೆ, ಹಕ್ಕುಗಳನ್ನು ಮಾರ್ಪಡಿಸಲು ಅವಕಾಶವಿದೆ. ಅಂಥ ಪ್ರಕ್ರಿಯೆ ನಡೆಸದೆ 29ರ ಹೆಸರಿನಲ್ಲಿ ಮಾರಾಟ ತಡೆಯುವುದಂತೂ ಕಾಯ್ದೆಯ ದಾರಿಯಲ್ಲ.

ಸಂಗ್ರಹದಿಂದ ಕಾಡು ಬರಿದಾಗುವುದೆಂಬ ಆತಂಕ ಬೇರೆಯೇ ಪ್ರಶ್ನೆ. ನೆಲ್ಲಿ ಮರಗಳನ್ನು ಬಂದಣಿಕೆ ಹಿಡಿದಿದೆ, ಲಂಟಾನ ಕಳೆ ನೆಲವನ್ನು ವ್ಯಾಪಕವಾಗಿ ಮುಚ್ಚಿದೆ. ಹಿಂದೆ ಒಣ ಎಲೆಗಳಿಗೆ ಹಚ್ಚುತ್ತಿದ್ದ ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ನೆಲ್ಲಿಯ ಇಳಿಕೆಯನ್ನು ಕೊಯ್ಲಿನ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ವನ್ಯಜೀವಿ ಮತ್ತು ಕಾಡನ್ನು ಕಾಯುವ ಅಧಿಕಾರವನ್ನು 5ನೇ ಪ್ರಕರಣ ಗ್ರಾಮಸಭೆಗೂ ಕೊಟ್ಟಿದೆ. ಆದರೆ ಕೊಯ್ಲಿನ ಪ್ರಮಾಣದ ಬಗ್ಗೆ ಗ್ರಾಮಸಭೆ ಒಂದು ಮಿತಿ, ಅರಣ್ಯ ಇಲಾಖೆ ಇನ್ನೊಂದು ಮಿತಿ ಹಾಕಿದಾಗ ಯಾವುದು ನಿಲ್ಲಬೇಕೆಂಬುದಕ್ಕೆ ಈ ಪ್ರಕರಣಗಳ ಓದಿನಿಂದಷ್ಟೇ ಖಚಿತ ಉತ್ತರ ಸಿಗುವುದಿಲ್ಲ.