ಹೊಲದಲ್ಲಿ ಮರೆಯಾದ ಗುರು

ಸೊಲ್ಲಾಪುರದ ಕನ್ನಡಿಗರಿಗೆ ಸಿದ್ಧರಾಮನ ಕಥೆ ಹೇಳಹೊರಡುವುದು ತವರಿನ ಸುದ್ದಿಯನ್ನು ತಾಯಿಗೇ ಹೇಳಿದಂತೆ. ಆದರೂ ಆ ಕಥೆಯ ಒಂದು ಪ್ರಸಂಗದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆನಿಸುತ್ತದೆ.

ಹರಿಹರನ ಸೋದರಳಿಯನೂ ಶಿಷ್ಯನೂ ಆದ ರಾಘವಾಂಕನು ತನ್ನ 'ಸಿದ್ಧರಾಮ ಚಾರಿತ್ರ'ದಲ್ಲಿ ಈ ಪ್ರಸಂಗವನ್ನು ಬಹು ಅಕ್ಕರೆಯಿಂದ ಬಣ್ಣಿಸಿದ್ದಾನೆ. ಸೊನ್ನಲಿಗೆಯ ಮುದ್ದುಗೌಡ, ಸುಗ್ಗವ್ವೆಯರ ಮಗ ಮಾತು ಕಡಿಮೆಯ ಹುಡುಗ. ಊರವರ ಕಣ್ಣಿಗೆ ದಡ್ಡ. ಹೊಲ ಕಾಯುತ್ತಿದ್ದ ಅವನ ಬಳಿಗೆ ಜಂಗಮರೂಪದಲ್ಲಿ ಮಲ್ಲಯ್ಯ ಬರುತ್ತಾನೆ. ಹುಡುಗ ಹಸಿ ತೆನೆ ಸುಟ್ಟು ಕೊಡುತ್ತಾನೆ. ತಿಂದ ಅತಿಥಿ, ಹೊಟ್ಟೆ ಉರಿಯುತ್ತಿದೆ, ಮಜ್ಜಿಗೆಯೂಟ ಬೇಕು ಎನ್ನುತ್ತಾನೆ. (ಸೀತನಿ ತಿಂದು ಮಜ್ಜಿಗೆಗಾಗಿ ಹಾತೊರೆದ ನಮ್ಮ ಸೀಮೆಯವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.) ಹುಡುಗ ಮನೆಗೆ ಓಡುತ್ತಾನೆ. ಊಟ ಹೊತ್ತು ಮರಳುವಷ್ಟರಲ್ಲಿ ಹೊಲ ಬರಿದಾಗಿದೆ.

ಅಲ್ಲಿಂದ ಅವನ ಅಳಲು ಆರಂಭವಾಗುತ್ತದೆ. 'ಮಲ್ಲಯ್ಯಾ' ಎಂದು ಕೂಗುತ್ತ, ಶ್ರೀಶೈಲಕ್ಕೆ ಹೊರಟ ಯಾತ್ರಿಕರ ಬೆನ್ನು ಹತ್ತಿ ಹೋಗುತ್ತಾನೆ. ಅಲ್ಲಿ ಮಲ್ಲಿಕಾರ್ಜುನ ಲಿಂಗವನ್ನು ತೋರಿಸಿದರೆ ಅವನು ಒಪ್ಪುವುದಿಲ್ಲ. ಅವನಿಗೆ ಬೇಕಾದುದು ಕಲ್ಲಿನ ದೇವರಲ್ಲ. ತನ್ನ ಕೈಯಿಂದ ತೆನೆ ಪಡೆದು ಉಂಡು, ತನ್ನೊಡನೆ ಮಾತಾಡಿದ ಆ ಒಂದು ಮುಖ. ಕೊನೆಗೆ ಆಳವಾದ ಕಮರಿಗೆ ಹಾರಲು ಮುಂದಾದಾಗ ಮಲ್ಲಯ್ಯ ಅವನನ್ನು ತಡೆದು ಹಿಡಿಯುತ್ತಾನೆ.

ಇಲ್ಲಿಯೇ ಕಥೆ ನಮ್ಮ ನಿರೀಕ್ಷೆಯನ್ನು ಮುರಿಯುತ್ತದೆ. ಸಿಕ್ಕ ಗುರು ಶಿಷ್ಯನನ್ನು ತನ್ನ ಬಳಿಯಲ್ಲಿ ಇರಿಸಿಕೊಳ್ಳುವುದಿಲ್ಲ. ಸೊನ್ನಲಿಗೆಗೆ ಮರಳು, ಆ ಊರನ್ನೇ ಶ್ರೀಶೈಲವಾಗಿಸು ಎಂದು ಕಳುಹಿಸುತ್ತಾನೆ. ಒಬ್ಬನನ್ನು ಅರಸಿ ಊರು ಬಿಟ್ಟವನು, ತನ್ನನ್ನು ದಡ್ಡನೆಂದ ಅದೇ ಊರಿಗೆ, ಅದೇ ಜನರ ನಡುವೆ ಬಾಳಲು ಹಿಂತಿರುಗಿದ.

ರಾಘವಾಂಕನದು ಕಾವ್ಯ, ಶಾಸನವಲ್ಲ. ಆದರೆ ಕೆರೆ ಕಣ್ಣೆದುರಿಗಿದೆ. ಸಿದ್ಧೇಶ್ವರ ಗುಡಿಯನ್ನು ಸುತ್ತುವರಿದ ಆ ನೀರು ಹನ್ನೆರಡನೆಯ ಶತಮಾನದ ಆ ಕಾಯಕದ ನೆನಪನ್ನು ಹೊತ್ತು ನಿಂತಿದೆ. ಊರಿನ ಅರವತ್ತೆಂಟು ಲಿಂಗಗಳನ್ನೂ ಪರಂಪರೆ ಅವನ ಹೆಸರಿಗೇ ಸಲ್ಲಿಸುತ್ತದೆ. ನನಗೆ ಮಾತ್ರ ಲಿಂಗಗಳಿಗಿಂತ ಕೆರೆಯೇ ದೊಡ್ಡದಾಗಿ ತೋರುತ್ತದೆ. ಮಜ್ಜಿಗೆ ಬೇಡಿದ ಅತಿಥಿಗೆ ಹೊತ್ತಿಗೆ ಸರಿಯಾಗಿ ಉಣಬಡಿಸಲಾಗದೆ ಹೋದ ಬಾಲಕ, ಬೆಳೆದು ದೊಡ್ಡವನಾಗಿ, ಬಂದವರೆಲ್ಲರಿಗೂ ನೀರು ಸಿಗುವಂತೆ ಮಾಡಿದ.

ಆ ಕೆಲಸದಲ್ಲಿಯೂ ತೊಡಕಿತ್ತು. ಶೂನ್ಯಸಂಪಾದನೆ ಹೇಳುವಂತೆ, ಕೆರೆಯ ಕೆಲಸ ನಡೆದಿದ್ದಾಗ ಬಂದ ಅಲ್ಲಮಪ್ರಭು ಅವನನ್ನು 'ಒಡ್ಡ' ಎಂದು ಕರೆದ. ಸಿಟ್ಟಾದ ಕೆಲಸಗಾರರು ಪ್ರಭುವಿನ ಮೇಲೆ ಕಲ್ಲು ಬೀರಿದರು. ಹೊರಗೆ ಕಟ್ಟಿದವನು ಒಳಗನ್ನು ಅಗೆದಿದ್ದಾನೆಯೇ ಎಂಬುದು ಅಲ್ಲಮನ ಪ್ರಶ್ನೆ. ಸಿದ್ಧರಾಮ ಸೋತ, ಪ್ರಭುವಿನೊಡನೆ ಕಲ್ಯಾಣಕ್ಕೆ ನಡೆದು, ತನಗಿಂತ ಕಿರಿಯನಾದ ಚೆನ್ನಬಸವಣ್ಣನಿಂದ ದೀಕ್ಷೆ ಪಡೆದ. ಹೆಸರುವಾಸಿಯಾದ ಬಳಿಕ ಕಿರಿಯರ ಮುಂದೆ ಶಿಷ್ಯನಾಗಿ ನಿಲ್ಲುವುದು ಸಣ್ಣ ಮಾತಲ್ಲ. ಮುಂದೆ ಕಲ್ಯಾಣ ಚದುರಿತು, ಗುರುಗಳು ಒಬ್ಬೊಬ್ಬರಾಗಿ ಅಗಲಿದರು.

ಅವನ ವಚನಗಳ ಅಂಕಿತವನ್ನು ಗಮನಿಸಬೇಕು: ಕಪಿಲಸಿದ್ಧ ಮಲ್ಲಿಕಾರ್ಜುನ. ಹೊಲದಲ್ಲಿ ಕೂಗಿ ಕರೆದ ಹೆಸರನ್ನೇ ಅವನು ಕಡೆಯವರೆಗೂ ಕೂಗಿದ. ಆದರೆ ಬಾಲ್ಯದಲ್ಲಿ ಒಂದೇ ಮುಖಕ್ಕೆ ಸಲ್ಲುತ್ತಿದ್ದ ಆ ಹೆಸರು ವಚನಗಳಲ್ಲಿ ಹರಡಿಕೊಂಡಿದೆ. ಹೆಣ್ಣನ್ನು ಮಾಯೆಯೆಂದು ಹಳಿಯುತ್ತಿದ್ದ ಕಾಲದಲ್ಲಿ, ಅವಳು ಸಾಕ್ಷಾತ್ ಕಪಿಲಸಿದ್ಧ ಮಲ್ಲಿಕಾರ್ಜುನನೇ ಎಂದು ಸಾರಿದವನು ಅವನು. ಶ್ರೀಶೈಲದ ಲಿಂಗದಲ್ಲಿ ಕಾಣದ ಮಲ್ಲಯ್ಯ ಅವನಿಗೆ ಕೊನೆಗೆ ಮನುಷ್ಯರಲ್ಲಿ ಕಂಡ.

ಈ ಊರಿನಲ್ಲಿಯೇ 1912ರಲ್ಲಿ ಹುಟ್ಟಿ, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆಯವರು ಸಿದ್ಧರಾಮನ ಚರಿತೆಯನ್ನು ತ್ರಿಪದಿಯಲ್ಲಿ ಬರೆದರು. ಅದು ನಮ್ಮ ಅಜ್ಜಿಯರು ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತಿದ್ದ ಮಟ್ಟು. ಮಕರ ಸಂಕ್ರಾಂತಿಯ ಜಾತ್ರೆಯಲ್ಲಿ ನಂದಿಧ್ವಜಗಳು ಹೊರಟಾಗ ಕನ್ನಡ, ಮರಾಠಿ, ತೆಲುಗು ಮೂರೂ ನುಡಿಗಳ ಜನ ಅದೇ ಕೆರೆಯ ದಂಡೆಯಲ್ಲಿ ನೆರೆಯುತ್ತಾರೆ.