ಹಟ್ಟಿ ಚಿನ್ನದ ಗಣಿ

ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಗಣಿ ಊರು. ಕೃಷ್ಣಾ–ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿದ್ದರೂ ಸುತ್ತಲಿನದು ಮಳೆ ಅಪರೂಪದ ಬಿಸಿಲ ನೆಲ. ಇಂಥ ಕಡೆ ಊರು ಬೆಳೆದದ್ದಕ್ಕೆ ನೆಲದಡಿಯ ಚಿನ್ನವೇ ಕಾರಣ ಎಂದು ಹೇಳಿ ಮುಗಿಸುವುದು ರೂಢಿ. ಆದರೆ ಚಿನ್ನ ಅಲ್ಲೇ ಇದ್ದಾಗಲೂ ಗಣಿ ದೀರ್ಘಕಾಲ ಪಾಳುಬಿದ್ದಿತ್ತು. ಹಟ್ಟಿಯ ಏಳುಬೀಳಿಗೆ ಕಾರಣ ಹುಡುಕಬೇಕಾದದ್ದು ಅದಿರನ್ನು ಮೇಲೆತ್ತುವ ಖರ್ಚಿನಲ್ಲಿ, ಆ ಖರ್ಚು ಹೊರಬಲ್ಲ ಆಡಳಿತದಲ್ಲಿ.

ಇಲ್ಲಿನ ಪ್ರಾಚೀನ ಕುಳಿಗಳು ಸುಮಾರು 640 ಅಡಿ ಆಳಕ್ಕೆ ಇಳಿದಿವೆ. ಸಿಡಿಮದ್ದಿಲ್ಲದ ಆ ಕಾಲದಲ್ಲಿ ಬಂಡೆಗೆ ಸೌದೆ ಒಟ್ಟಿ ಬೆಂಕಿ ಹಾಕಿ, ಕಾದ ಕಲ್ಲಿಗೆ ನೀರೆರಚಿ ಬಿರುಕು ಬಿಡಿಸುತ್ತಿದ್ದರು. ಅದಿರು ಅರೆದ ಗುಳಿಗಳು ಹಾಸುಬಂಡೆಗಳ ಮೇಲೆ ಉಳಿದಿವೆ. ಇಷ್ಟು ಆಳ ತೋಡಿದವರು ಈಚಿನವರೇ ಇರಬೇಕೆಂದು ಶಂಕಿಸಬಹುದು. ಒಳಗೆ ಸಿಕ್ಕ ಮರದ ಇಂಗಾಲ ಪರೀಕ್ಷೆ ಮಾತ್ರ ಸುಮಾರು 2000 ವರ್ಷ ಹಿಂದಿನ ಕಾಲವನ್ನು ತೋರಿಸುತ್ತದೆ. ಅದೇ ಸೀಮೆಯ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವನ್ನು 1915ರಲ್ಲಿ ಪತ್ತೆಹಚ್ಚಿದ ಸಿ. ಬೀಡನ್ ಚಿನ್ನದ ಗಣಿಯ ಎಂಜಿನಿಯರ್ ಆಗಿದ್ದರು. ಶಾಸನದಲ್ಲಿ ಗಣಿಯ ಮಾತಿಲ್ಲ. ಮೌರ್ಯರು ಚಿನ್ನಕ್ಕಾಗಿಯೇ ಬಂದರೆಂದು ಅದರಿಂದ ಸಾಧಿಸಲಾಗದು. ಈ ಒಣಸೀಮೆಯ ಮೇಲೆ ದೂರದ ರಾಜ್ಯವೊಂದರ ಕಣ್ಣಿತ್ತು ಎಂಬಷ್ಟಕ್ಕೆ ಅದು ಸಾಕ್ಷಿ.

ನಿಜಾಮರ ಕಾಲದಲ್ಲಿ, 19ನೆಯ ಶತಮಾನದ ಕೊನೆಗೆ, ಹೈದರಾಬಾದ್ ಡೆಕ್ಕನ್ ಕಂಪನಿ ಇಲ್ಲಿ ಮತ್ತೆ ಶೋಧಕ್ಕಿಳಿಯಿತು. ಗಣಿ ಕೆಲಕಾಲ ನಡೆದು, ಮೊದಲ ಮಹಾಯುದ್ಧದ ಮುಗ್ಗಟ್ಟಿನಲ್ಲಿ ನಿಂತುಹೋಯಿತು. ಅದೇ ಅವಧಿಯ ಕೋಲಾರವನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಮೈಸೂರು ಸರ್ಕಾರ ಶಿವನಸಮುದ್ರದ ವಿದ್ಯುತ್ತನ್ನು 1902ರಲ್ಲೇ ಅಲ್ಲಿನ ಗಣಿಗಳಿಗೆ ಹರಿಸಿತು, ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಅಂಥ ಬೆಂಬಲ ಹಟ್ಟಿಗೆ ಆಗ ಸಿಗಲಿಲ್ಲ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಸ್ಥಾಪನೆಯಾದ ಮೇಲೆಯೇ ಗಣಿಗೆ ಮರುಜೀವ ಬಂತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು.

ಹಾಗಾದರೆ ಅಷ್ಟೆಲ್ಲ ಬೆಂಬಲವಿದ್ದ ಕೋಲಾರ 2001ರ ಫೆಬ್ರುವರಿಯಲ್ಲಿ ಮುಚ್ಚಿದ್ದೇಕೆ, ಚಿನ್ನ ತೀರಿದ್ದರಿಂದಲೇ ಅಲ್ಲವೇ ಎಂದು ಕೇಳಬಹುದು. ಚಿನ್ನ ಪೂರ್ತಿ ತೀರಿರಲಿಲ್ಲ. ಅದಿರಿನ ಸತ್ವ ಕುಗ್ಗಿ, ಕೆಲಸ 3 ಕಿ.ಮೀ.ಗೂ ಆಳಕ್ಕೆ ಹೋಗಿ, ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು. ಬೆಲೆ ಏರಿದ ಮೇಲೆ ಅಲ್ಲಿನ ಸೈನೈಡ್ ದಿಬ್ಬಗಳಿಂದಲೂ ಚಿನ್ನ ತೆಗೆಯುವ ಮಾತು ಎದ್ದಿದೆ. ಹಟ್ಟಿಯ ಅದಿರಿನಲ್ಲೂ ಟನ್ನಿಗೆ ಸಿಗುವುದು ಕೆಲವೇ ಗ್ರಾಂ. ಆದರೆ ಕೋಲಾರದಷ್ಟು ಆಳಕ್ಕೆ ಇಳಿಯಬೇಕಾಗಿಲ್ಲದ್ದರಿಂದ ಮಲ್ಲಪ್ಪ ಶಾಫ್ಟಿನಂಥ ಬಾವಿಗಳ ಮೂಲಕ ಅದನ್ನು ಮೇಲೆತ್ತುವುದು ಇನ್ನೂ ಗಿಟ್ಟುತ್ತದೆ.