ತರಬೇತಿ ಯಾರಿಗೆ? ಗಾಂಧಿಗ್ರಾಮ, ಕಂಬಂ ಕಣಿವೆ ಮತ್ತು ವಿಶ್ವವಿದ್ಯಾಲಯದ ಕೆಲಸಗಾರರ ಕಲಿಕೆಯ ಚರಿತ್ರೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಲಿಖಿತ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಪ್ರಶ್ನೋತ್ತರದ ಆಯ್ದ ಭಾಗವಿದೆ.)

 

ವಿಶ್ವವಿದ್ಯಾಲಯದಲ್ಲಿ ದುಡಿಯುವವರಿಗೆ, ಅಂದ್ರೆ ಅಧ್ಯಾಪಕರಿಗೆ, ಕಚೇರಿ ಸಿಬ್ಬಂದಿಗೆ, ಓದುತ್ತಲೇ ಗಂಟೆ ಲೆಕ್ಕದಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ, ವೃತ್ತಿ ತರಬೇತಿ ಎಂಬುದು ಹೇಗೆ ಬಂತು, ಯಾರ ಪಾಲಿಗೆ ಎಷ್ಟು ಬಂತು ಅನ್ನುವುದು ನನ್ನ ವಿಷಯ. ಇದಕ್ಕೆ ನಾನು ಆರಿಸಿಕೊಂಡಿರುವ ಜಾಗ ತಮಿಳುನಾಡಿನ ದಿಂಡಿಗಲ್ ಮತ್ತು ಥೇಣಿ ಜಿಲ್ಲೆಗಳು. ಕನ್ನಡ ವಿಭಾಗದಲ್ಲಿ ಕೂತು ದಿಂಡಿಗಲ್ ಯಾಕೆ ಅಂತ ಕೇಳಬಹುದು. ಎರಡು ಕಾರಣ. ಒಂದು, ಗ್ರಾಮೀಣ ವಿಶ್ವವಿದ್ಯಾಲಯ ಎಂಬ ಕಲ್ಪನೆ ಗಟ್ಟಿಯಾಗಿ ನಿಂತ ಜಾಗ ಅದು. ಎರಡು, ಆ ಸೀಮೆಯ ಅನೇಕ ಮನೆಗಳಲ್ಲಿ ಇವತ್ತಿಗೂ ಮಾತಾಡುವುದು ಕನ್ನಡ.

1. ಪದಗಳಿಂದ ಶುರು

ಸಾಹಿತ್ಯದ ವಿದ್ಯಾರ್ಥಿಯಾದ್ದರಿಂದ ಪದಗಳಿಂದಲೇ ಹೊರಡುತ್ತೇನೆ. ಈ ಕೆಲಸಕ್ಕೆ ನಮ್ಮಲ್ಲಿ ಕನಿಷ್ಠ ನಾಲ್ಕು ಪದಗಳಿವೆ: ತರಬೇತಿ, ಶಿಬಿರ, ಕಾರ್ಯಾಗಾರ, ಕಮ್ಮಟ. ‘ತರಬೇತಿ’ ಅರಬ್ಬೀ ಮೂಲದ್ದು, ಪಾರಸಿಯ ದಾರಿಯಲ್ಲಿ ಬಂದದ್ದು. ಅದರ ಮೂಲಾರ್ಥದಲ್ಲಿ ಮಗುವನ್ನು ಸಾಕಿ ಬೆಳೆಸುವ ಭಾವವಿದೆ. ‘ಶಿಬಿರ’ ದಂಡು ಬೀಡುಬಿಡುವ ಜಾಗ. ‘ಕಮ್ಮಟ’ ನಾಣ್ಯ ಟಂಕಿಸುವ ಮನೆ; ಈಗ ಕಾವ್ಯ ಕಮ್ಮಟ, ಕಥಾ ಕಮ್ಮಟ ಎಂದು ಬಳಸುತ್ತೇವೆ. ‘ಕಾರ್ಯಾಗಾರ’ ಮಾತ್ರ ಇಂಗ್ಲಿಷಿನ ವರ್ಕ್‌ಶಾಪ್ ನೋಡಿಕೊಂಡು ಕಟ್ಟಿದ್ದು. ತಮಿಳಿನವರು ಇದಕ್ಕೆ ‘ಪಟ್ಟರೈ’ ಅನ್ನುತ್ತಾರೆ, ಅಂದ್ರೆ ಕಮ್ಮಾರಸಾಲೆ, ಕುಶಲಕರ್ಮಿಗಳು ಕೆಲಸ ಮಾಡುವ ಜಾಗ.

ನಾಲ್ಕು ಪದಗಳ ಹಿಂದೆ ನಾಲ್ಕು ಚಿತ್ರಗಳಿವೆ. ಸಾಕುವುದು, ಬೀಡುಬಿಡುವುದು, ಕೈಕೆಲಸ, ಒಂದೇ ಅಚ್ಚಿನ ನಾಣ್ಯ ಹೊಡೆಯುವುದು. ವಿಶ್ವವಿದ್ಯಾಲಯಗಳ ಚರಿತ್ರೆಯಲ್ಲಿ ಈ ನಾಲ್ಕೂ ಬೇರೆ ಬೇರೆ ಕಾಲಕ್ಕೆ ಮೇಲುಗೈ ಪಡೆದಿವೆ ಅನ್ನುವುದು ನನ್ನ ಓದು.

ಇನ್ನೊಂದು ಪದವನ್ನೂ ಗಮನಿಸಬೇಕು: ‘ಬೋಧಕೇತರ ಸಿಬ್ಬಂದಿ’. ಗ್ರಂಥಾಲಯದ ಸಹಾಯಕ, ಪ್ರಯೋಗಾಲಯದ ಅಟೆಂಡರ್, ಪರೀಕ್ಷಾ ವಿಭಾಗದ ಗುಮಾಸ್ತ, ಇವರೆಲ್ಲರನ್ನೂ ಅವರು ಏನು ಮಾಡುತ್ತಾರೆ ಎಂಬುದರಿಂದಲ್ಲ, ಏನು ಮಾಡುವುದಿಲ್ಲ ಎಂಬುದರಿಂದ ಕರೆಯುತ್ತೇವೆ. ಓದುತ್ತಾ ದುಡಿಯುವ ವಿದ್ಯಾರ್ಥಿಗಂತೂ ಇಷ್ಟು ಹೆಸರೂ ಇಲ್ಲ.

2. ಗಾಂಧಿಗ್ರಾಮ: ಎಲ್ಲರೂ ಕಾರ್ಯಕರ್ತರು

ದಿಂಡಿಗಲ್–ಮದುರೈ ದಾರಿಯಲ್ಲಿ, ಸಿರುಮಲೈ ಬೆಟ್ಟಗಳ ಬುಡದಲ್ಲಿ, ಚಿನ್ನಾಳಪಟ್ಟಿ ಎಂಬ ನೇಕಾರರ ಊರಿನ ಪಕ್ಕ ಗಾಂಧಿಗ್ರಾಮವಿದೆ. 1947ರಲ್ಲಿ ಡಾ. ಟಿ.ಎಸ್. ಸೌಂದರಂ ಮತ್ತು ಜಿ. ರಾಮಚಂದ್ರನ್ ದಂಪತಿ ಇದನ್ನು ಕಟ್ಟಿದರು. ಸೌಂದರಂ ವೈದ್ಯೆ, ಉದ್ಯಮಿ ಟಿ.ವಿ. ಸುಂದರಂ ಅಯ್ಯಂಗಾರ್ ಅವರ ಮಗಳು. ಕಸ್ತೂರಬಾ ಸ್ಮಾರಕ ಟ್ರಸ್ಟಿನ ಕೆಲಸದಿಂದ ಹಳ್ಳಿಗೆ ಬಂದವರು. ರಾಮಚಂದ್ರನ್ ಶಾಂತಿನಿಕೇತನದಲ್ಲಿ ಓದಿ ಗಾಂಧೀಜಿಯ ಆಶ್ರಮ ಸೇರಿದವರು. ಹೀಗಾಗಿ ಟ್ಯಾಗೋರರ ಶಾಲೆ ಮತ್ತು 1937ರ ವಾರ್ಧಾ ಸಮ್ಮೇಳನದಿಂದ ಹೊರಟ ನಯೀ ತಾಲೀಮ್, ಎರಡೂ ಇಲ್ಲಿ ಕೂಡಿದವು. ಕೈ ಕೆಲಸದ ಮೂಲಕವೇ ಓದು ಅನ್ನುವುದು ನಯೀ ತಾಲೀಮಿನ ತಿರುಳು.

ಇದಕ್ಕೆ ದೂರದಿಂದ ಇನ್ನೊಂದು ಎಳೆ ಬಂದು ಸೇರುತ್ತದೆ. 1948–49ರ ರಾಧಾಕೃಷ್ಣನ್ ಆಯೋಗದಲ್ಲಿ ಆರ್ಥರ್ ಮಾರ್ಗನ್ ಎಂಬ ಅಮೆರಿಕನ್ ಸದಸ್ಯರಿದ್ದರು. ಅವರು ಎಂಜಿನಿಯರು; 1920ರಲ್ಲಿ ಒಹಾಯೊದ ಆಂಟಿಯೋಕ್ ಕಾಲೇಜಿನ ಅಧ್ಯಕ್ಷರಾಗಿ, ವಿದ್ಯಾರ್ಥಿಗಳು ಕೆಲವು ಕಾಲ ತರಗತಿಯಲ್ಲಿ, ಕೆಲವು ಕಾಲ ಸಂಬಳದ ಕೆಲಸದಲ್ಲಿ ಇರುವ ಪದ್ಧತಿ ತಂದವರು. ಆಯೋಗದ ವರದಿಯಲ್ಲಿ ಗ್ರಾಮೀಣ ವಿಶ್ವವಿದ್ಯಾಲಯಗಳ ಬಗ್ಗೆ ಬಂದ ಅಧ್ಯಾಯದ ಮೇಲೆ ಮಾರ್ಗನ್ನರ ನೆರಳು ದಟ್ಟವಾಗಿದೆ. ಮುಂದೆ ಕೆ.ಎಲ್. ಶ್ರೀಮಾಲಿ ಸಮಿತಿ ಅದನ್ನು ಯೋಜನೆಯಾಗಿ ರೂಪಿಸಿತು. 1956ರಲ್ಲಿ ಗ್ರಾಮೀಣ ಉನ್ನತ ಶಿಕ್ಷಣ ಸಂಸ್ಥೆಗಳು ಆರಂಭವಾದಾಗ ಗಾಂಧಿಗ್ರಾಮ ಮೊದಲ ಸಾಲಿನಲ್ಲೇ ಇತ್ತು. ಕರ್ನಾಟಕದವರಿಗೂ ಇದು ತೀರಾ ದೂರದ ಕತೆಯಲ್ಲ. ರಾಣೆಬೆನ್ನೂರಿನ ಹತ್ತಿರದ ಹನುಮನಮಟ್ಟಿಯಲ್ಲೂ ಇದೇ ಯೋಜನೆಯಡಿ ಒಂದು ಸಂಸ್ಥೆ ಬಂತು.

ಈ ಸಂಸ್ಥೆಗಳ ಮುಖ್ಯ ಕೋರ್ಸು ಮೂರು ವರ್ಷದ ಗ್ರಾಮೀಣ ಸೇವಾ ಡಿಪ್ಲೊಮಾ. ಅಲ್ಲಿ ಓದುವುದು, ಹಳ್ಳಿಯಲ್ಲಿ ಕೆಲಸ ಮಾಡುವುದು, ಆವರಣ ಗುಡಿಸುವುದು ಬೇರೆ ಬೇರೆ ಖಾತೆಗಳಾಗಿರಲಿಲ್ಲ. ವಿದ್ಯಾರ್ಥಿಯೂ ಶಿಕ್ಷಕನೂ ಶ್ರಮದಾನಕ್ಕೆ ಇಳಿಯಬೇಕಿತ್ತು. ‘ಕಾರ್ಯಕರ್ತ’ ಎಂಬ ಒಂದೇ ಪದ ಎಲ್ಲರಿಗೂ ಹೊಂದುತ್ತಿತ್ತು. ತರಬೇತಿ ಪಡೆಯುವ ಗುಂಪು, ತರಬೇತಿ ಬೇಡದ ಗುಂಪು ಅಂತ ವಿಂಗಡಣೆ ಆ ಕಲ್ಪನೆಯಲ್ಲೇ ಇರಲಿಲ್ಲ.

ಇದರ ಫಲ ಕಾಣುವುದು ಆರೋಗ್ಯ ಕ್ಷೇತ್ರದಲ್ಲಿ. 1959ರಲ್ಲಿ ಆತ್ತೂರು ಬ್ಲಾಕಿನಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನೊಂದಿಗೆ ಪ್ರಾಯೋಗಿಕ ಆರೋಗ್ಯ ಯೋಜನೆ ಶುರುವಾಯಿತು. ಅದರ ಬೆನ್ನಿಗೇ 1964ರಲ್ಲಿ ಗ್ರಾಮೀಣ ಆರೋಗ್ಯ ಮತ್ತು ಕುಟುಂಬ ಯೋಜನೆಯ ಸಂಸ್ಥೆ ಬಂದು, ಆರೋಗ್ಯ ಸಿಬ್ಬಂದಿಯ ತರಬೇತಿ ಗಾಂಧಿಗ್ರಾಮದ ದೊಡ್ಡ ಕೆಲಸವಾಯಿತು. ಇಲ್ಲಿ ಗಮನಿಸಬೇಕಾದ್ದು, ಅನುಭವ ಮೊದಲು ಬಂತು, ತರಬೇತಿ ಆಮೇಲೆ. ಹಳ್ಳಿಯಲ್ಲಿ ಮಾಡಿ ನೋಡಿದ್ದನ್ನು ಕಲಿಸಿದರು. ನಮ್ಮ ಇವತ್ತಿನ ಬಹುಪಾಲು ಕಾರ್ಯಾಗಾರಗಳಲ್ಲಿ ಈ ಕ್ರಮ ತಿರುಗುಮುರುಗಾಗಿದೆ.

ಆದರೆ ಗಾಂಧಿಗ್ರಾಮವನ್ನು ಸ್ವರ್ಗ ಮಾಡುವುದು ಬೇಡ. ಗ್ರಾಮೀಣ ಸೇವಾ ಡಿಪ್ಲೊಮಾ ಹಿಡಿದು ಹೊರಬಂದವರಿಗೆ ವಿಶ್ವವಿದ್ಯಾಲಯಗಳಲ್ಲಿ ಮುಂದಿನ ಓದಿಗೆ ಮಾನ್ಯತೆಯ ತೊಡಕಿತ್ತು. ಸೇವೆಯ ಭಾಷೆ ಸಂಬಳದ ಮಾತನ್ನು ಮುಚ್ಚಿಹಾಕುವ ಅಪಾಯವೂ ಇತ್ತು. ನಾವು ಕನ್ನಡದವರು ಇಂಥ ಜಾಗದಲ್ಲಿ ತಕ್ಷಣ ‘ಕಾಯಕ’ ಅಂದುಬಿಡುತ್ತೇವೆ. ಕಾಯಕ ದೊಡ್ಡ ಮಾತೇ. ಆದರೆ ಗಂಟೆಗೆ ಎಷ್ಟು, ರಜೆ ಯಾವಾಗ, ಕೆಲಸ ಕಲಿಸುವವರು ಯಾರು ಎಂಬ ಪ್ರಶ್ನೆಗಳಿಗೆ ಅದನ್ನು ಉತ್ತರವಾಗಿ ಬಳಸಿದರೆ ಆ ಮಾತಿಗೇ ಅವಮಾನ.

3. ದುಡಿದು ಓದುವುದು: ವಾರಾನ್ನದಿಂದ ಈಚೆಗೆ

ಬಡ ಹುಡುಗರ ಓದಿಗೆ ನಮ್ಮಲ್ಲಿ ಹಳೆಯ ವ್ಯವಸ್ಥೆ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಎಷ್ಟೋ ಕನ್ನಡ ಲೇಖಕರ ಆತ್ಮಕತೆಗಳಲ್ಲಿ ಇದರ ನೆನಪಿದೆ. ಅದು ಜಾತಿಯ ಒಳಗೇ ಸುತ್ತುವ ವ್ಯವಸ್ಥೆ, ಉಂಡವನ ಮನಸ್ಸಲ್ಲಿ ಋಣ ಉಳಿಸುವ ವ್ಯವಸ್ಥೆ. ಎರಡನೆಯದು ಮಠಗಳ, ಸಮುದಾಯಗಳ ಉಚಿತ ವಿದ್ಯಾರ್ಥಿನಿಲಯ. ಮೂರನೆಯದು ದುಡಿದು ಓದುವುದು. ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಹುಟ್ಟಿದ ಭಾವುರಾವ್ ಪಾಟೀಲರು 1919ರಲ್ಲಿ ಕಟ್ಟಿದ ರಯತ್ ಶಿಕ್ಷಣ ಸಂಸ್ಥೆ ‘ದುಡಿ ಮತ್ತು ಕಲಿ’ ಪದ್ಧತಿಯನ್ನು ಬೆಳೆಸಿತು. ಇಲ್ಲಿ ವಿದ್ಯಾರ್ಥಿ ಯಾರ ಹಂಗಿಗೂ ಬೀಳದೆ ತನ್ನ ಅನ್ನ ತಾನೇ ಗಳಿಸುತ್ತಾನೆ.

ಈ ಮೂರನೆಯ ದಾರಿಯಲ್ಲಿ ಒಂದು ಷರತ್ತು ಅಡಗಿದೆ. ಆ ಕೆಲಸದಿಂದ ಹುಡುಗ ಏನಾದರೂ ಕಲಿಯಬೇಕು. ಕಲಿಯದಿದ್ದರೆ ಅದು ಅಗ್ಗದ ಕೂಲಿ ಅಷ್ಟೆ. ತರಬೇತಿಯ ಪ್ರಶ್ನೆ ನನಗೆ ಮುಖ್ಯವಾಗುವುದು ಇದೇ ಕಾರಣಕ್ಕೆ. ವಿದ್ಯಾರ್ಥಿಯ ದುಡಿಮೆಯನ್ನು ಶಿಕ್ಷಣವಾಗಿಸುವುದು ತರಬೇತಿ. ಅದನ್ನು ತೆಗೆದರೆ ಉಳಿಯುವುದು ಹಾಜರಿ ಪುಸ್ತಕ ಮಾತ್ರ.

4. 1976ರ ನಂತರ: ಪ್ರಮಾಣಪತ್ರದ ಕಾಲ

1976ರಲ್ಲಿ ಗಾಂಧಿಗ್ರಾಮ ಗ್ರಾಮೀಣ ಸಂಸ್ಥೆಗೆ ಯುಜಿಸಿ ಕಾಯ್ದೆಯಡಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು. ಪದವಿಗೆ ಮಾನ್ಯತೆ ಬಂತು, ಸಿಬ್ಬಂದಿಗೆ ವೇತನಶ್ರೇಣಿ ಬಂತು. ಇದು ಸಣ್ಣ ಲಾಭವಲ್ಲ. ಹಳ್ಳಿಗೆ ಹೋಗುವ ಪದ್ಧತಿಯೂ ಸಂಪೂರ್ಣ ಅಳಿಯಲಿಲ್ಲ. ಗ್ರಾಮವಾಸ ಮತ್ತು ಶಾಂತಿಸೇನೆ ಪಠ್ಯಕ್ರಮದೊಳಗೆ ಉಳಿದವು. ಆದರೆ ವೇತನಶ್ರೇಣಿಯ ಜೊತೆಗೆ ವರ್ಗಗಳೂ ಬರುತ್ತವೆ: ಬೋಧಕ, ಬೋಧಕೇತರ, ವಿದ್ಯಾರ್ಥಿ. ಒಂದೇ ‘ಕಾರ್ಯಕರ್ತ’ ಮೂರು ಕಡತಗಳಾಗಿ ಒಡೆದ.

ದೇಶದ ಮಟ್ಟದಲ್ಲೂ ಹೀಗೇ ಆಯಿತು. ಹೊಸ ಅಧ್ಯಾಪಕರಿಗೆ ಆರಂಭದಲ್ಲೇ ಪರಿಚಯ ತರಬೇತಿ ಬೇಕೆಂದು 1964–66ರ ಕೊಠಾರಿ ಆಯೋಗ ಹೇಳಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರು, ಬೆಂಗಳೂರು, ಧಾರವಾಡದಲ್ಲಿ, ಆ ಕಡೆ ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಇಂಥ ಕೇಂದ್ರಗಳು ಬಂದವು. ಓರಿಯಂಟೇಷನ್ ನಾಲ್ಕು ವಾರ, ರಿಫ್ರೆಶರ್ ಮೂರು ವಾರ. ನಮ್ಮ ಕಾಲೇಜು ಸ್ಟಾಫ್‌ರೂಮುಗಳಲ್ಲಿ ‘ನಿಮ್ಮ ಆರ್‌ಸಿ ಮುಗೀತಾ?’ ಎಂಬ ಕುಶಲಪ್ರಶ್ನೆ ಹುಟ್ಟಿದ್ದು ಇಲ್ಲಿಂದ. ಯಾಕಂದ್ರೆ ಈ ಕೋರ್ಸುಗಳು ಬಡ್ತಿಗೆ ಗಂಟುಬಿದ್ದವು. ಕೇಂದ್ರಗಳ ಹೆಸರು 2015ರ ಸುಮಾರಿಗೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಎಂದಾಯಿತು, 2023ರಲ್ಲಿ ಮಾಳವೀಯ ಮಿಷನ್ ಹೆಸರು ಬಂತು. ‘ಕಮ್ಮಟ’ದ ಹಳೆಯ ಅರ್ಥ ಇಲ್ಲಿ ಸರಿಹೊಂದುತ್ತದೆ: ಒಂದೇ ಅಚ್ಚು, ಚಲಾವಣೆಗೆ ಬೇಕಾದ ಮುದ್ರೆ.

ಬೋಧಕೇತರರಿಗೂ ಈ ಕೇಂದ್ರಗಳಲ್ಲಿ ಕೆಲವು ದಿನಗಳ ಕಾರ್ಯಕ್ರಮಗಳಿವೆ: ಕಡತ ನಿರ್ವಹಣೆ, ಕಂಪ್ಯೂಟರ್, ಲೆಕ್ಕಪತ್ರ. ಆದರೆ ಅಧ್ಯಾಪಕರ ಬಡ್ತಿಗೆ ಇರುವಂಥ ಬಿಗಿ ಗಂಟು ಅಲ್ಲಿಲ್ಲ. ಹಾಗಾಗಿ ಕಳಿಸಿದರೆ ಕಳಿಸಿದರು, ಇಲ್ಲದಿದ್ದರೆ ಇಲ್ಲ. ಓದುತ್ತಾ ದುಡಿಯುವ ವಿದ್ಯಾರ್ಥಿಯಂತೂ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ. ಕಚೇರಿಯ ಕಣ್ಣಿಗೆ ಅವನು ವಿದ್ಯಾರ್ಥಿ, ತರಗತಿಯ ಕಣ್ಣಿಗೆ ಕೆಲಸದ ನೆಪದಲ್ಲಿ ತಡವಾಗಿ ಬರುವವನು.

5. ಕಣಿವೆಯ ಕನ್ನಡ

ಈಗ ಭಾಷೆಯ ಮಾತು. ಪಶ್ಚಿಮಕ್ಕೆ ಹೋದರೆ ಕಂಬಂ ಕಣಿವೆ. 1895ರಲ್ಲಿ ಪೂರ್ಣಗೊಂಡ ಪೆರಿಯಾರ್ ಅಣೆಕಟ್ಟಿನ ನೀರು, ಭತ್ತ, ದ್ರಾಕ್ಷಿ. ಮೇಲೆ ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರ. 1956ರಲ್ಲೇ, ಗಾಂಧಿಗ್ರಾಮದ ಸಂಸ್ಥೆ ಆರಂಭವಾದ ವರ್ಷವೇ, ಉತ್ತಮಪಾಳಯದಲ್ಲಿ ಹಾಜಿ ಕರುತ್ತ ರಾವುತ್ತರ್ ಹೌದಿಯಾ ಕಾಲೇಜು ಬಂತು. ಈ ಕಣಿವೆಯಲ್ಲಿ ತಮ್ಮನ್ನು ಒಕ್ಕಲಿಗರು ಎಂದು ಕರೆದುಕೊಳ್ಳುವ ಕಪ್ಪಿಲಿಯರೂ ಅನುಪ್ಪರೂ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಆಡುತ್ತಾರೆ. ಗಾಂಧಿಗ್ರಾಮದ ಮಗ್ಗುಲ ಚಿನ್ನಾಳಪಟ್ಟಿಯಲ್ಲಿ ಕನ್ನಡದ ದೇವಾಂಗ ನೇಕಾರರಿದ್ದಾರೆ.

1906ರ ಮದುರಾ ಗೆಜೆಟಿಯರ್ ಮತ್ತು 1909ರ ಥರ್ಸ್ಟನ್ ಸಂಪುಟಗಳು ಕಂಬಂನ ದೇವರ ದನದ ಹಿಂಡಿನ ಬಗ್ಗೆ ಬರೆದಿವೆ. ತಮಿಳಲ್ಲಿ ಅದು ತಂಬಿರಾನ್ ಮಾಡು, ಕನ್ನಡದಲ್ಲಿ ‘ದೇವರು ಆವು’. ‘ಆವು’ ನಾವು ಹಳಗನ್ನಡ ತರಗತಿಯಲ್ಲಿ ಅರ್ಥ ಬರೆದುಕೊಳ್ಳುವ ಪದ. ಅಲ್ಲಿ ಅದು ಕೊಟ್ಟಿಗೆಯಲ್ಲಿ ಜೀವಂತ ಇತ್ತು.

ಆದರೆ ಈ ಕನ್ನಡಕ್ಕೆ ಅಲ್ಲಿ ಲಿಪಿಯಿಲ್ಲ, ಶಾಲೆಯಿಲ್ಲ. ಬರೆಯುವುದು ತಮಿಳು, ಕಚೇರಿಯದು ತಮಿಳು–ಇಂಗ್ಲಿಷ್. ಅಂಥ ಮನೆಯ ಹುಡುಗಿಯೊಬ್ಬಳು ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕೆ ಸೇರಿದರೆ ಅವಳ ತರಬೇತಿ ಮೂರನೆಯ ಭಾಷೆಯಲ್ಲಿ ನಡೆಯುತ್ತದೆ. ಅವಳಿಗೆ ಗೊತ್ತಿರುವ ದನ, ಮಗ್ಗ, ನೀರಿನ ಸರದಿ ಯಾವುದೂ ‘ಕೌಶಲ್ಯ’ದ ಪಟ್ಟಿಗೆ ಸೇರುವುದಿಲ್ಲ. ನಯೀ ತಾಲೀಮ್ ಶುರುವಾದದ್ದು ಮಗುವಿನ ಮನೆಭಾಷೆಯಿಂದ, ಮನೆಯ ಕಸುಬಿನಿಂದ. ಇವತ್ತಿನ ತರಬೇತಿ ಶುರುವಾಗುವುದು ಸ್ಲೈಡಿನಿಂದ. ನಾನೂ ಈಗ ಸ್ಲೈಡ್ ತೋರಿಸುತ್ತಲೇ ಇದನ್ನು ಹೇಳುತ್ತಿದ್ದೇನೆ, ಇರಲಿ.

ಒಟ್ಟಾರೆ ನನ್ನ ವಾದ ಇಷ್ಟು. ಗಾಂಧಿಗ್ರಾಮದ ಮೊದಲ ಕಾಲ ಎಲ್ಲರನ್ನೂ ಕಲಿಯುವವರೆಂದು ನೋಡಿತು, ಹಕ್ಕಿನ ಮಾತನ್ನು ಕಡಿಮೆ ಆಡಿತು. ಯುಜಿಸಿ ಕಾಲ ಹಕ್ಕು ಕೊಟ್ಟಿತು, ಕಲಿಕೆಯನ್ನು ದರ್ಜೆಗಳಲ್ಲಿ ಹಂಚಿತು. ಎರಡನ್ನೂ ಕೂಡಿಸುವ ಕೆಲಸ ಬಾಕಿ ಇದೆ.

ಪ್ರಶ್ನೋತ್ತರ (ಆಯ್ದ ಭಾಗ)

ಒಬ್ಬ ಅಧ್ಯಾಪಕರು: ನಿಮ್ಮ ಟೀಕೆ ಸರಿ. ಆದರೆ ಬಡ್ತಿಗೆ ಜೋಡಿಸದಿದ್ದರೆ ತರಬೇತಿಗೆ ಬರುವವರು ಯಾರಪ್ಪಾ?

ಉತ್ತರ: ಜೋಡಿಸಬಾರದು ಅಂತ ನಾನು ಹೇಳುತ್ತಿಲ್ಲ ಸರ್. ಜೋಡಿಸಿದ್ದರಿಂದಲೇ ಅಧ್ಯಾಪಕರಿಗೆ ರಜೆ, ಸಮಯ, ಕೇಂದ್ರ ಎಲ್ಲಾ ಸಿಕ್ಕಿತು. ಅದೇ ಗಂಟನ್ನು ಗ್ರಂಥಾಲಯದ ಸಹಾಯಕರಿಗೂ ಹಾಕಿ ಅನ್ನುವುದು ನನ್ನ ಮಾತು. ವಿದ್ಯಾರ್ಥಿಗೆ ಬಡ್ತಿ ಇಲ್ಲ, ಆದ್ದರಿಂದ ಅವನಿಗೆ ಕ್ರೆಡಿಟ್ ಕೊಡಬಹುದು.

ಸಹಪಾಠಿಯೊಬ್ಬರು: ಇದು ಕನ್ನಡ ಸಾಹಿತ್ಯದ ಸಂಶೋಧನೆ ಹೇಗಾಗುತ್ತೆ?

ಉತ್ತರ: ನಮ್ಮ ಹಸ್ತಪ್ರತಿ ವಿಭಾಗಗಳಲ್ಲಿ ತಾಳೆಗರಿಗೆ ಎಣ್ಣೆ ಸವರುವವರು, ಪುಟ ಸ್ಕ್ಯಾನ್ ಮಾಡುವವರು ಯಾರು ಯೋಚಿಸಿ. ಎಷ್ಟೋ ಕಡೆ ಗಂಟೆ ಲೆಕ್ಕದ ವಿದ್ಯಾರ್ಥಿಗಳು. ನಾನೂ ಒಂದು ಕಡೆ ಆ ಕೆಲಸ ಮಾಡಿದ್ದೇನೆ. ಗರಿಯನ್ನು ಹೇಗೆ ಹಿಡಿಯಬೇಕು ಅಂತ ಹೇಳಿಕೊಟ್ಟದ್ದು ಅಲ್ಲಿನ ಹಿರಿಯ ಅಟೆಂಡರ್, ಅವರಿಗೂ ಯಾರೂ ತರಬೇತಿ ಕೊಟ್ಟಿರಲಿಲ್ಲ, ನೋಡಿ ಕಲಿತದ್ದು. ಅವರು ನಿವೃತ್ತರಾದರೆ ಆ ವಿದ್ಯೆ ಹೋಯಿತು. ಗರಿ ಮುರಿದರೆ ಪಾಠವೇ ಹೋಯಿತು. ಇದು ಸಾಹಿತ್ಯದ ಪ್ರಶ್ನೆಯೇ.

ಅಧ್ಯಕ್ಷರು: ಹಾಗಾದರೆ ಮೊದಲ ಹೆಜ್ಜೆ ಏನು? ಒಂದೇ ವಾಕ್ಯದಲ್ಲಿ ಹೇಳಿ, ಸಮಯ ಆಯಿತು.

ಉತ್ತರ: ಮುಂದಿನ ಕಾರ್ಯಾಗಾರಕ್ಕೆ ಸಂಪನ್ಮೂಲ ವ್ಯಕ್ತಿಯಾಗಿ ಅಂಥ ಅಟೆಂಡರ್ ಒಬ್ಬರನ್ನು ಕರೆಯೋಣ, ಸರ್, ಗೌರವಧನವನ್ನೂ ಉಳಿದವರಷ್ಟೇ ಕೊಡೋಣ.